ಹಳೆಯ ಪೆಟ್ರೋಲ್ ಕಾರುಗಳಲ್ಲಿ ತಣ್ಣನೆಯ ಎಂಜಿನ್ ಚಾಲನೆಯ ತೊಂದರೆ: ವಾಹನ ಮಾಲೀಕರಿಗೆ ಮಾರ್ಗದರ್ಶಿ ಮಾಹಿತಿ

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಹದಿನೈದು ವರ್ಷ ಪೂರೈಸಿದ ಅಥವಾ ಪೂರೈಸಲಿರುವ ಪೆಟ್ರೋಲ್ ಕಾರುಗಳ ಮಾಲೀಕರು ನೋಂದಣಿ ಪ್ರಮಾಣ ಪತ್ರದ ನವೀಕರಣಕ್ಕಾಗಿ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ ಎರಡು ತೊಂದರೆಗಳನ್ನು ಎದುರಿಸುವುದುಂಟು. ಒಂದು, ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸುಲಭವಾಗಿ ಚಾಲನೆಗೊಳ್ಳದಿರುವುದು. ಎರಡು, ಹೊಗೆ ತಪಾಸಣೆಯಲ್ಲಿ ನಿಗದಿತ ಮಿತಿಗಿಂತ ಹೆಚ್ಚು ಮಾಲಿನ್ಯ ಕಂಡುಬರುವುದು. ಇವೆರಡೂ ಬೇರೆ ಬೇರೆ ದೋಷಗಳೆಂದು ತಿಳಿದು ಬೇರೆ ಬೇರೆಯಾಗಿ ಹಣ ವ್ಯಯಿಸಲಾಗುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ಇವೆರಡಕ್ಕೂ ಇಂಧನ ಸಿಂಪಡಣೆ ವ್ಯವಸ್ಥೆಯಲ್ಲಿನ ಒಂದೇ ದೋಷ ಕಾರಣವಾಗಿರುತ್ತದೆ.

ತಣ್ಣನೆಯ ಎಂಜಿನ್‌ನ ದೋಷವು ಚಾಲನೆಯ ಮೊದಲ ಒಂದೆರಡು ನಿಮಿಷಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಕಾರು ಗ್ಯಾರೇಜ್ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ದೋಷವು ಮರೆಯಾಗಿರುತ್ತದೆ. ಆದುದರಿಂದ ಈ ದೋಷವನ್ನು ಕಣ್ಣಾರೆ ಕಾಣುವವರು ಬಹುತೇಕ ಮಾಲೀಕರೇ ಆಗಿರುತ್ತಾರೆ. ಅವರು ನೀಡುವ ವಿವರ ಅಸ್ಪಷ್ಟವಾಗಿದ್ದಲ್ಲಿ ಮೆಕ್ಯಾನಿಕ್ ಊಹೆಯ ಮೇರೆಗೆ ಒಂದರ ನಂತರ ಒಂದು ಬಿಡಿಭಾಗವನ್ನು ಬದಲಾಯಿಸುವಂತಾಗುತ್ತದೆ ಹಾಗೂ ಅದರ ವೆಚ್ಚವನ್ನು ಮಾಲೀಕರೇ ಭರಿಸಬೇಕಾಗುತ್ತದೆ.

ಮಾಲೀಕರು ಸ್ವತಃ ಏನನ್ನು ಗಮನಿಸಬೇಕು, ಯಾವ ಕ್ರಮದಲ್ಲಿ ಪರಿಶೀಲಿಸಬೇಕು ಮತ್ತು ಗ್ಯಾರೇಜಿನಲ್ಲಿ ಯಾವ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು ಎಂಬುದನ್ನು ಈ ಪುಟದಲ್ಲಿ ತಿಳಿಸಲಾಗಿದೆ.

2. ಯಾವ ವಾಹನಗಳಿಗೆ ಅನ್ವಯಿಸುತ್ತದೆ

ಭಾರತದಲ್ಲಿ ತಯಾರಾದ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಹಿಂದೆ ಕಾರ್ಬುರೇಟರ್ ಇರುತ್ತಿತ್ತು. ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ನೀಡಿದ ಆದೇಶದಂತೆ ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ಮಾಲಿನ್ಯ ಮಿತಿಗಳು ಬಿಗಿಯಾದ ನಂತರ ತಯಾರಕರು ಎಂ.ಪಿ.ಎಫ್.ಐ. ಎಂದು ಕರೆಯಲಾಗುವ ವ್ಯವಸ್ಥೆಗೆ ವೇಗವಾಗಿ ಬದಲಾದರು. ಇದರಲ್ಲಿ ಪ್ರತಿ ಸಿಲಿಂಡರಿಗೂ ಒಂದು ಪ್ರತ್ಯೇಕ ಇಂಜೆಕ್ಟರ್ ಇರುತ್ತದೆ. 1998ರಲ್ಲಿ ಮಾರುಕಟ್ಟೆಗೆ ಬಂದ ಸ್ಯಾಂಟ್ರೋ ಮತ್ತು ಮಾಟಿಜ್ ಹಾಗೂ 2000ದ ಆಸುಪಾಸಿನಿಂದ ಮಾರಾಟವಾದ ಮಾರುತಿ 800, ಜೆನ್ ಮತ್ತು ಎಸ್ಟೀಮ್ ಕಾರುಗಳ ಎಂ.ಪಿ.ಎಫ್.ಐ. ಮಾದರಿಗಳು ಈ ವರ್ಗಕ್ಕೆ ಸೇರುತ್ತವೆ.

ಬೆಂಗಳೂರು ಸೇರಿದಂತೆ 11 ನಗರಗಳಲ್ಲಿ 2005ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 3 ಮತ್ತು 13 ನಗರಗಳಲ್ಲಿ 2010ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 4 ಮಾನದಂಡಗಳು ಜಾರಿಗೆ ಬಂದವು. ಈ ಪುಟದ ಮಾಹಿತಿಯು ಮುಖ್ಯವಾಗಿ 1998ರಿಂದ 2010ರ ನಡುವೆ ನೋಂದಣಿಯಾದ ಎಂ.ಪಿ.ಎಫ್.ಐ. ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ. ಡೀಸೆಲ್ ಕಾರುಗಳಿಗೆ ಇದು ಅನ್ವಯಿಸುವುದಿಲ್ಲ.

3. ತಣ್ಣನೆಯ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಏಕೆ ಬೇಕು

ದ್ರವರೂಪದ ಪೆಟ್ರೋಲ್ ಉರಿಯುವುದಿಲ್ಲ. ಅದರ ಆವಿಯು ಗಾಳಿಯೊಂದಿಗೆ ಬೆರೆತಾಗ ಮಾತ್ರ ಉರಿಯುತ್ತದೆ. ಎಂಜಿನ್ ತಣ್ಣಗಿರುವಾಗ ಸಿಂಪಡಿಸಿದ ಪೆಟ್ರೋಲ್‌ನ ಒಂದು ಭಾಗವು ಆವಿಯಾಗದೆ ಗಾಳಿಯ ಮಾರ್ಗದ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಈ ಕೊರತೆಯನ್ನು ತುಂಬಲು ಆರಂಭದಲ್ಲಿ ಹೆಚ್ಚುವರಿ ಪೆಟ್ರೋಲ್ ನೀಡಬೇಕಾಗುತ್ತದೆ. ಕಾರ್ಬುರೇಟರ್ ಕಾರಿನಲ್ಲಿ ಚಾಲಕರು ಚೋಕ್ ಎಳೆದು ಈ ಕೆಲಸ ಮಾಡುತ್ತಿದ್ದರು. ಎಂ.ಪಿ.ಎಫ್.ಐ. ಕಾರಿನಲ್ಲಿ ಚೋಕ್ ಇರುವುದಿಲ್ಲ. ಅದರ ಕೆಲಸವನ್ನು ಇ.ಸಿ.ಯು. ಎಂಬ ವಿದ್ಯುನ್ಮಾನ ನಿಯಂತ್ರಣ ಘಟಕವು ನಿರ್ವಹಿಸುತ್ತದೆ.

ಎಂಜಿನ್ ಎಷ್ಟು ತಣ್ಣಗಿದೆ ಎಂಬುದನ್ನು ಇ.ಸಿ.ಯು.ಗೆ ತಿಳಿಸುವುದು ಕೂಲೆಂಟ್ ತಾಪಮಾನ ಸಂವೇದಕ. ಈ ಸಂವೇದಕ ನೀಡುವ ಸಂಕೇತಕ್ಕೆ ಅನುಗುಣವಾಗಿ ಇಂಜೆಕ್ಟರ್‌ಗಳು ತೆರೆದಿರುವ ಅವಧಿಯನ್ನು ಇ.ಸಿ.ಯು. ಹೆಚ್ಚಿಸುತ್ತದೆ ಅಥವಾ ಕಡಿಮೆ ಮಾಡುತ್ತದೆ. ಜೊತೆಗೆ ಐಡಲ್ ಗಾಳಿ ಕವಾಟವನ್ನು ತೆರೆದು ಸ್ವಲ್ಪ ಹೆಚ್ಚು ಗಾಳಿ ಬಿಡುತ್ತದೆ. ಚಾಲನೆಗೊಂಡ ಕೂಡಲೇ ಎಂಜಿನ್ ಸ್ವಲ್ಪ ವೇಗವಾಗಿ ತಿರುಗಿ ಕ್ರಮೇಣ ನಿಧಾನವಾಗುವುದು ಇದೇ ಕಾರಣದಿಂದ, ಇದು ದೋಷವಲ್ಲ.

ಹೀಗಾಗಿ ತಣ್ಣನೆಯ ಚಾಲನೆಗೆ ಐದು ಅಂಶಗಳು ಸರಿಯಾಗಿರಬೇಕು:

(ಅ) ಸಾಕಷ್ಟು ಬ್ಯಾಟರಿ ವೋಲ್ಟೇಜ್
(ಆ) ಸಾಕಷ್ಟು ಇಂಧನ ಒತ್ತಡ
(ಇ) ಸರಿಯಾದ ತಾಪಮಾನ ಸಂಕೇತ
(ಈ) ಸರಿಯಾದ ಪ್ರಮಾಣದ ಗಾಳಿ
(ಉ) ಬಲವಾದ ಕಿಡಿ

ಚಳಿಗಾಲದ ಬೆಳಗಿನ ಜಾವ ಬೆಂಗಳೂರಿನಲ್ಲಿ ಉಷ್ಣಾಂಶವು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಇದು ಹಿಮ ಬೀಳುವ ದೇಶಗಳ ಚಳಿಯಲ್ಲವಾದುದರಿಂದ ಸುಸ್ಥಿತಿಯಲ್ಲಿರುವ ಎಂ.ಪಿ.ಎಫ್.ಐ. ಕಾರು ನಮ್ಮ ರಾಜ್ಯದಲ್ಲಿ ವರ್ಷವಿಡೀ ಒಂದೆರಡು ಸೆಕೆಂಡುಗಳಲ್ಲಿ ಚಾಲನೆಗೊಳ್ಳಬೇಕು. 'ಚಳಿಗೆ ಹೀಗಾಗುತ್ತದೆ' ಎಂದು ಸುಮ್ಮನಿರುವುದು ಸರಿಯಲ್ಲ.

4. ಸುರಕ್ಷತಾ ಸೂಚನೆಗಳು

ಪರಿಶೀಲನೆಗೆ ಮುನ್ನ ಈ ಕೆಳಕಂಡ ಸೂಚನೆಗಳನ್ನು ತಪ್ಪದೆ ಪಾಲಿಸತಕ್ಕದ್ದು.

- ಮುಚ್ಚಿದ ಶೆಡ್ ಅಥವಾ ನೆಲಮಾಳಿಗೆಯಲ್ಲಿ ಎಂಜಿನ್ ಚಾಲನೆಯಲ್ಲಿಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ, ಅದು ಪ್ರಾಣಾಪಾಯಕಾರಿ.
- ಎಂ.ಪಿ.ಎಫ್.ಐ. ಕಾರಿನ ಪೆಟ್ರೋಲ್ ಕೊಳವೆಗಳಲ್ಲಿ ಎಂಜಿನ್ ನಿಂತ ಮೇಲೂ ಒತ್ತಡ ಉಳಿದಿರುತ್ತದೆ. ಕೊಳವೆಯನ್ನು ಬಿಚ್ಚಿದರೆ ಪೆಟ್ರೋಲ್ ಚಿಮ್ಮುತ್ತದೆ. ಈ ಕೆಲಸವನ್ನು ಮಾಲೀಕರು ಸ್ವತಃ ಮಾಡಕೂಡದು.
- ಪೆಟ್ರೋಲ್ ವಾಸನೆ ಬರುತ್ತಿದ್ದಲ್ಲಿ ಚಾಲನೆಗೆ ಪ್ರಯತ್ನಿಸದೆ, ಬಾನೆಟ್ ತೆರೆದು ಸೋರಿಕೆ ಇದೆಯೇ ಎಂದು ಮೊದಲು ನೋಡತಕ್ಕದ್ದು. ಸೋರಿಕೆ ಕಂಡಲ್ಲಿ ಕಾರನ್ನು ಚಾಲನೆ ಮಾಡದೆ ಮೆಕ್ಯಾನಿಕ್‌ನನ್ನು ಸ್ಥಳಕ್ಕೆ ಕರೆಸತಕ್ಕದ್ದು.
- ಗಾಳಿಯ ಮಾರ್ಗಕ್ಕೆ ಪೆಟ್ರೋಲ್ ಸುರಿದು ಚಾಲನೆಗೊಳಿಸುವ ಹಳೆಯ ರೂಢಿಯನ್ನು ಅನುಸರಿಸಕೂಡದು. ಎಂಜಿನ್ ಹಿಮ್ಮುಖವಾಗಿ ಉರಿದಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ.
- ಒಂದು ಸಲಕ್ಕೆ 10 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಸೆಲ್ಫ್ ಹೊಡೆಯಕೂಡದು. ಎರಡು ಪ್ರಯತ್ನಗಳ ನಡುವೆ ಕನಿಷ್ಠ ಅರ್ಧ ನಿಮಿಷದ ಅಂತರವಿರಲಿ.
- ಕಾರನ್ನು ತಳ್ಳಿ ಚಾಲನೆಗೊಳಿಸುವುದನ್ನು ಪದೇ ಪದೇ ಮಾಡಕೂಡದು. ಉರಿಯದೆ ಉಳಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ ಅಲ್ಲಿ ಉರಿದು ಅದನ್ನು ಹಾಳುಮಾಡುತ್ತದೆ.

5. ಮೊದಲ ಕೆಲಸ: ಲಕ್ಷಣಗಳನ್ನು ಬರೆದಿಡುವುದು

ಯಾವುದೇ ಭಾಗವನ್ನು ಮುಟ್ಟುವ ಮೊದಲು ಐದಾರು ದಿನಗಳ ಕಾಲ ಈ ಕೆಳಕಂಡ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಸೂಕ್ತ:

(ಅ) ಕಾರು ಎಷ್ಟು ಗಂಟೆಗಳ ಕಾಲ ನಿಂತಿತ್ತು
(ಆ) ಸೆಲ್ಫ್ ಹೊಡೆದ ಒಟ್ಟು ಸೆಕೆಂಡುಗಳು ಮತ್ತು ಪ್ರಯತ್ನಗಳ ಸಂಖ್ಯೆ
(ಇ) ಸೆಲ್ಫ್ ಎಂದಿನ ವೇಗದಲ್ಲಿ ತಿರುಗಿತೇ, ನಿಧಾನವಾಗಿತ್ತೇ
(ಈ) ಆಕ್ಸಿಲರೇಟರ್ ಒತ್ತಿದಾಗ ಚಾಲನೆಗೊಂಡಿತೇ, ಒತ್ತದೆಯೇ
(ಉ) ಚಾಲನೆಗೊಂಡಾಗ ಕಪ್ಪು ಹೊಗೆ ಅಥವಾ ಪೆಟ್ರೋಲ್ ವಾಸನೆ ಇತ್ತೇ
(ಊ) ಮಧ್ಯಾಹ್ನ ಬಿಸಿ ಎಂಜಿನ್ ಸುಲಭವಾಗಿ ಚಾಲನೆಗೊಂಡಿತೇ
(ಋ) ಎಂಜಿನ್ ಎಚ್ಚರಿಕೆ ದೀಪವು ಇಗ್ನಿಷನ್ ಆನ್ ಮಾಡಿದಾಗ ಹತ್ತಿ, ಚಾಲನೆಯ ನಂತರ ಆರಿತೇ

ಈ ವಿವರಗಳನ್ನು ಕೆಳಗಿನ ಲಕ್ಷಣಗಳಿಗೆ ಹೋಲಿಸಿ ನೋಡಬಹುದು.

ಲಕ್ಷಣ 1: ಸೆಲ್ಫ್ ನಿಧಾನವಾಗಿ ತಿರುಗುತ್ತದೆ, ಡ್ಯಾಶ್‌ಬೋರ್ಡ್ ದೀಪಗಳು ಮಂಕಾಗುತ್ತವೆ.
ಸಂಭವನೀಯ ಕಾರಣ: ಬ್ಯಾಟರಿ, ಅದರ ಟರ್ಮಿನಲ್‌ಗಳು ಅಥವಾ ಅರ್ಥ್ ತಂತಿ.

ಲಕ್ಷಣ 2: ಸೆಲ್ಫ್ ಸರಿಯಾಗಿ ತಿರುಗುತ್ತದೆ, ಎರಡನೆಯ ಅಥವಾ ಮೂರನೆಯ ಪ್ರಯತ್ನದಲ್ಲಿ ಚಾಲನೆಗೊಂಡು ನಂತರ ಯಾವ ತೊಂದರೆಯೂ ಇರುವುದಿಲ್ಲ.
ಸಂಭವನೀಯ ಕಾರಣ: ರಾತ್ರಿ ವೇಳೆ ಇಂಧನ ಒತ್ತಡ ಇಳಿದುಹೋಗುವುದು.

ಲಕ್ಷಣ 3: ಚಾಲನೆಗೊಂಡ ಕೂಡಲೇ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮೈಲೇಜ್ ಸಹ ಕಡಿಮೆಯಾಗಿದೆ.
ಸಂಭವನೀಯ ಕಾರಣ: ತಪ್ಪು ತಾಪಮಾನ ಸಂಕೇತ, ತೊಟ್ಟಿಕ್ಕುವ ಇಂಜೆಕ್ಟರ್ ಅಥವಾ ಒತ್ತಡ ನಿಯಂತ್ರಕದ ದೋಷ.

ಲಕ್ಷಣ 4: ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಮಾತ್ರ ಚಾಲನೆಗೊಳ್ಳುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ.
ಸಂಭವನೀಯ ಕಾರಣ: ಥ್ರಾಟಲ್ ಬಾಡಿ ಅಥವಾ ಐಡಲ್ ಗಾಳಿ ಕವಾಟದಲ್ಲಿ ಮಸಿ ಕಟ್ಟಿರುವುದು.

ಲಕ್ಷಣ 5: ಚಾಲನೆಗೊಂಡರೂ ಮೊದಲ ಕೆಲವು ನಿಮಿಷ ಎಂಜಿನ್ ತಡವರಿಸುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ.
ಸಂಭವನೀಯ ಕಾರಣ: ತಪ್ಪು ತಾಪಮಾನ ಸಂಕೇತ, ಗಾಳಿಯ ಸೋರಿಕೆ ಅಥವಾ ಹಳೆಯ ಸ್ಪಾರ್ಕ್ ಪ್ಲಗ್‌ಗಳು.

ಲಕ್ಷಣ 6: ಮಳೆಗಾಲದ ಬೆಳಿಗ್ಗೆಗಳಲ್ಲಿ ಮಾತ್ರ ತೊಂದರೆ.
ಸಂಭವನೀಯ ಕಾರಣ: ಇಂಧನಕ್ಕಿಂತ ಹೆಚ್ಚಾಗಿ ಕಿಡಿಯ ತಂತಿಗಳಲ್ಲಿ ತೇವಾಂಶ ಸೇರಿ ವಿದ್ಯುತ್ ಸೋರಿಹೋಗುವುದು.

6. ಮಾಲೀಕರು ಸ್ವತಃ ಮಾಡಬಹುದಾದ ಪರಿಶೀಲನೆ

ಖರ್ಚಿಲ್ಲದ ಪರೀಕ್ಷೆಗಳು ಮೊದಲು, ದುಬಾರಿ ಪರೀಕ್ಷೆಗಳು ಕೊನೆಗೆ ಎಂಬ ತತ್ವದಂತೆ ಈ ಕ್ರಮವನ್ನು ನೀಡಲಾಗಿದೆ. ಎಲ್ಲ ಪರೀಕ್ಷೆಗಳನ್ನೂ ಎಂಜಿನ್ ಪೂರ್ಣವಾಗಿ ತಣ್ಣಗಿರುವಾಗ, ಅಂದರೆ ರಾತ್ರಿಯಿಡೀ ನಿಂತ ನಂತರ, ಮಾಡಬೇಕು.

ಹಂತ 1: ಬ್ಯಾಟರಿ

ಸಾಮಾನ್ಯ ಮಲ್ಟಿಮೀಟರ್‌ನಿಂದ ಅಳೆದಾಗ ಪೂರ್ಣ ಚಾರ್ಜ್ ಇರುವ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.0 ವೋಲ್ಟ್ ಆಸುಪಾಸಿನಲ್ಲಿದ್ದರೆ ಚಾರ್ಜ್ ಬಹುತೇಕ ಮುಗಿದಿದೆ ಎಂದು ತಿಳಿಯಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಅಥವಾ ಅದರ ಸಂಪರ್ಕಗಳು ದುರ್ಬಲವಾಗಿವೆ. ವೋಲ್ಟೇಜ್ ಕಡಿಮೆಯಾದಾಗ ಸೆಲ್ಫ್ ಮಾತ್ರವಲ್ಲದೆ ಇಂಧನ ಪಂಪಿನ ವೇಗವೂ ಇಳಿಯುತ್ತದೆ, ಇಂಜೆಕ್ಟರ್‌ಗಳು ನಿಧಾನವಾಗಿ ತೆರೆಯುತ್ತವೆ ಮತ್ತು ಕಿಡಿಯೂ ದುರ್ಬಲವಾಗುತ್ತದೆ. ಬ್ಯಾಟರಿಯ ದೋಷವನ್ನು ಇಂಧನ ವ್ಯವಸ್ಥೆಯ ದೋಷವೆಂದು ತಪ್ಪಾಗಿ ಭಾವಿಸುವುದು ಇದರಿಂದಲೇ. ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದಲ್ಲಿ ಸ್ವಚ್ಛಗೊಳಿಸಿ ಬಿಗಿ ಮಾಡಿದ ನಂತರವೇ ಮುಂದಿನ ಹಂತಕ್ಕೆ ಹೋಗಬೇಕು.

ಹಂತ 2: ಇಂಧನ ಪಂಪಿನ ಶಬ್ದ

ಕಿಟಕಿಗಳನ್ನು ಮುಚ್ಚಿ, ನಿಶ್ಶಬ್ದ ವಾತಾವರಣದಲ್ಲಿ ಇಗ್ನಿಷನ್ ಕೀಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಬೇಕು, ಸೆಲ್ಫ್ ಹೊಡೆಯಬಾರದು. ಹೆಚ್ಚಿನ ಕಾರುಗಳಲ್ಲಿ ಹಿಂಬದಿಯ ಪೆಟ್ರೋಲ್ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡುಗಳ ಕಾಲ ಸಣ್ಣ ಗುಂಯ್ ಶಬ್ದ ಕೇಳಿ ನಿಲ್ಲುತ್ತದೆ. ಚಾಲನೆಗೆ ಮೊದಲು ಪಂಪು ಕೊಳವೆಗಳಲ್ಲಿ ಒತ್ತಡ ತುಂಬುವ ಶಬ್ದವಿದು. ಶಬ್ದ ಕೇಳದಿದ್ದಲ್ಲಿ ಪಂಪಿನ ಫ್ಯೂಸ್, ರಿಲೇ ಮತ್ತು ತಂತಿಗಳನ್ನು ಮೊದಲು ಪರೀಕ್ಷಿಸಬೇಕು. ಇವುಗಳನ್ನು ನೋಡದೆ ಪಂಪು ಬದಲಾಯಿಸುವುದು ಅನಗತ್ಯ ವೆಚ್ಚ.

ಹಂತ 3: ಕೀ ಪರೀಕ್ಷೆ

ಇದು ಅತ್ಯಂತ ಉಪಯುಕ್ತವಾದ, ಖರ್ಚಿಲ್ಲದ ಪರೀಕ್ಷೆ. ಬೆಳಿಗ್ಗೆ ಕೀಯನ್ನು ಆನ್ ಮಾಡಿ ಮೂರು ಸೆಕೆಂಡು ಬಿಟ್ಟು ಆಫ್ ಮಾಡಬೇಕು. ಕೆಲವು ಸೆಕೆಂಡುಗಳ ಅಂತರದಲ್ಲಿ ಹೀಗೆ ಮೂರು ಬಾರಿ ಮಾಡಿ ನಂತರ ಸೆಲ್ಫ್ ಹೊಡೆಯಬೇಕು. ದಿನನಿತ್ಯ ಸತಾಯಿಸುವ ಕಾರು ಈ ವಿಧಾನದಲ್ಲಿ ಕೂಡಲೇ ಚಾಲನೆಗೊಂಡರೆ, ರಾತ್ರಿ ವೇಳೆ ಇಂಧನ ಒತ್ತಡ ಸೋರಿಹೋಗುತ್ತಿದೆ ಎಂದರ್ಥ. ಹೀಗಿದ್ದಲ್ಲಿ ಹಂತ 7(ಅ)ದ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಯಾವ ಬದಲಾವಣೆಯೂ ಕಾಣದಿದ್ದಲ್ಲಿ ಉಳಿಕೆ ಒತ್ತಡದ ಸಮಸ್ಯೆಯ ಸಾಧ್ಯತೆ ಕಡಿಮೆ. ಎರಡು ಮೂರು ದಿನ ಈ ಪರೀಕ್ಷೆ ಮಾಡಿ, ಫಲಿತಾಂಶವನ್ನು ಬರೆದಿಡುವುದು ಉತ್ತಮ.

ಹಂತ 4: ಆಕ್ಸಿಲರೇಟರ್ ಪರೀಕ್ಷೆ

ಎಂ.ಪಿ.ಎಫ್.ಐ. ಕಾರನ್ನು ಆಕ್ಸಿಲರೇಟರ್ ಒತ್ತದೆ ಚಾಲನೆಗೊಳಿಸಬೇಕು. ಸ್ವಲ್ಪ ಒತ್ತಿದಾಗ ಮಾತ್ರ ಚಾಲನೆಗೊಳ್ಳುವುದಾದರೆ ಎಂಜಿನ್‌ಗೆ ಗಾಳಿ ಸಾಲುತ್ತಿಲ್ಲ. ಥ್ರಾಟಲ್ ಬಾಡಿಯನ್ನು ಸ್ವಚ್ಛಗೊಳಿಸಬೇಕಿದೆ. ಎಂಜಿನ್‌ನಲ್ಲಿ ಪೆಟ್ರೋಲ್ ಹೆಚ್ಚಾಗಿ ತುಂಬಿ ಪ್ಲಗ್‌ಗಳು ನೆನೆದಿರುವ ಸಂಶಯವಿದ್ದಲ್ಲಿ, ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಅನೇಕ ಕಾರುಗಳಲ್ಲಿ ಇ.ಸಿ.ಯು. ಈ ಸ್ಥಿತಿಯಲ್ಲಿ ಪೆಟ್ರೋಲ್ ನಿಲ್ಲಿಸಿ ಗಾಳಿಯನ್ನು ಮಾತ್ರ ಬಿಡುತ್ತದೆ. ಹೀಗೆ ಚಾಲನೆಗೊಂಡರೆ ಪೆಟ್ರೋಲ್ ಹೆಚ್ಚಾಗಿದ್ದುದೇ ಕಾರಣವೆಂದು ತಿಳಿಯಬಹುದು.

ಹಂತ 5: ಕಣ್ಣಿಗೆ ಕಾಣುವ ಭಾಗಗಳು

ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿದೆಯೇ, ಗಾಳಿಯ ಮಾರ್ಗದ ರಬ್ಬರ್ ಕೊಳವೆಗಳು ಬಿರಿದಿವೆಯೇ ಅಥವಾ ಕಳಚಿವೆಯೇ ಎಂದು ನೋಡಬೇಕು. ಬಿರಿದ ರಬ್ಬರ್ ತಣ್ಣಗಿರುವಾಗ ಸೋರಿ, ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುವುದುಂಟು. ಕೂಲೆಂಟ್ ಮಟ್ಟವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ನೋಡಬೇಕು. ಮಟ್ಟ ಕಡಿಮೆಯಿದ್ದಲ್ಲಿ ತಾಪಮಾನ ಸಂವೇದಕದ ತುದಿಯು ದ್ರವದಲ್ಲಿ ಮುಳುಗದೆ ತಪ್ಪು ಸಂಕೇತ ನೀಡಬಹುದು.

7. ಗ್ಯಾರೇಜಿನಲ್ಲಿ ಕೇಳಿ ಮಾಡಿಸಿಕೊಳ್ಳಬೇಕಾದ ಪರೀಕ್ಷೆಗಳು

ಕಾರನ್ನು ಹಿಂದಿನ ದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಮರುದಿನ ಬೆಳಿಗ್ಗೆ ಮೊದಲ ಚಾಲನೆಯನ್ನು ಮೆಕ್ಯಾನಿಕ್ ಸ್ವತಃ ಮಾಡುವಂತೆ ಕೋರಬೇಕು. ಬಿಸಿ ಎಂಜಿನ್‌ನಲ್ಲಿ ಮಾಡಿದ ಪರೀಕ್ಷೆಯಿಂದ ಈ ದೋಷ ಪತ್ತೆಯಾಗುವುದು ಕಷ್ಟ.

(ಅ) ಇಂಧನ ಒತ್ತಡ ಪರೀಕ್ಷೆ: ಒತ್ತಡ ಮಾಪಕವನ್ನು ಜೋಡಿಸಿ ಅಳೆದಾಗ ಈ ಕಾಲದ ಹೆಚ್ಚಿನ ಕಾರುಗಳಲ್ಲಿ ಒತ್ತಡವು ಸುಮಾರು 2.5ರಿಂದ 3.5 ಬಾರ್ ಇರುತ್ತದೆ. ನಿಖರ ಅಂಕಿಯನ್ನು ಆಯಾ ಕಾರಿನ ಸರ್ವಿಸ್ ಕೈಪಿಡಿಯಿಂದ ತಿಳಿಯಬೇಕು. ಎಂಜಿನ್ ನಿಲ್ಲಿಸಿದ ನಂತರ ಮಾಪಕದ ಮುಳ್ಳು ಹಲವು ನಿಮಿಷಗಳವರೆಗೆ ಹೆಚ್ಚು ಇಳಿಯದೆ ನಿಲ್ಲಬೇಕು. ಬೇಗನೆ ಇಳಿದರೆ ಸೋರಿಕೆ ಮೂರು ಕಡೆಗಳಲ್ಲಿ ಒಂದರಲ್ಲಿರುತ್ತದೆ: ಪಂಪಿನೊಳಗಿನ ಏಕಮುಖ ಕವಾಟ, ಒತ್ತಡ ನಿಯಂತ್ರಕ ಅಥವಾ ಇಂಜೆಕ್ಟರ್. ಮರಳು ಕೊಳವೆ ಇರುವ ಕಾರುಗಳಲ್ಲಿ ಪಂಪಿನಿಂದ ಬರುವ ಮತ್ತು ಟ್ಯಾಂಕಿಗೆ ಮರಳುವ ಕೊಳವೆಗಳನ್ನು ಒಂದೊಂದಾಗಿ ತಡೆದು ನೋಡಿದಲ್ಲಿ ಸೋರಿಕೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಪಂಪಿನ ಕಡೆ ತಡೆದಾಗ ಒತ್ತಡ ನಿಂತರೆ ಪಂಪಿನ ಕವಾಟ, ಮರಳುವ ಕಡೆ ತಡೆದಾಗ ನಿಂತರೆ ನಿಯಂತ್ರಕ, ಎರಡರಿಂದಲೂ ನಿಲ್ಲದಿದ್ದರೆ ಇಂಜೆಕ್ಟರ್ ದೋಷಪೂರಿತ. ಈ ಪರೀಕ್ಷೆಯಿಲ್ಲದೆ 'ಪಂಪು ಹೋಗಿದೆ' ಎಂಬ ಮಾತನ್ನು ಒಪ್ಪಿಕೊಳ್ಳುವ ಅಗತ್ಯವಿಲ್ಲ.

(ಆ) ಒತ್ತಡ ನಿಯಂತ್ರಕದ ನಿರ್ವಾತ ಕೊಳವೆ: ಎಂಜಿನ್ ಮೇಲಿರುವ ನಿಯಂತ್ರಕಕ್ಕೆ ಸೇರಿದ ಸಣ್ಣ ರಬ್ಬರ್ ಕೊಳವೆಯೊಳಗೆ ಪೆಟ್ರೋಲ್ ಹನಿಯಾಗಲಿ ವಾಸನೆಯಾಗಲಿ ಇದ್ದಲ್ಲಿ ನಿಯಂತ್ರಕದೊಳಗಿನ ಪೊರೆ ಹರಿದಿದೆ ಎಂದು ತಿಳಿಯಬೇಕು. ಕಪ್ಪು ಹೊಗೆಗೆ ಇದು ಸುಲಭವಾಗಿ ಪತ್ತೆಯಾಗುವ ಕಾರಣ.

(ಇ) ಕೂಲೆಂಟ್ ತಾಪಮಾನ ಸಂವೇದಕ: ತಾಪಮಾನ ಹೆಚ್ಚಿದಂತೆ ಈ ಸಂವೇದಕದ ವಿದ್ಯುತ್ ರೋಧವು ಕಡಿಮೆಯಾಗುತ್ತದೆ. ಅನೇಕ ಕಾರುಗಳಲ್ಲಿ 20 ಡಿಗ್ರಿಯಲ್ಲಿ ಅದು ಸುಮಾರು 2ರಿಂದ 3 ಕಿಲೋ ಓಮ್ ಇದ್ದು, 80 ಡಿಗ್ರಿಯಲ್ಲಿ ಸುಮಾರು 300 ಓಮ್‌ಗೆ ಇಳಿಯುತ್ತದೆ. ಸ್ಕ್ಯಾನರ್ ಸೌಲಭ್ಯವಿದ್ದಲ್ಲಿ ಇನ್ನೂ ಸರಳವಾದ ವಿಧಾನವಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ತಾಪಮಾನ ಮತ್ತು ಒಳಸೇರುವ ಗಾಳಿಯ ತಾಪಮಾನ ಎರಡೂ ಬಹುತೇಕ ಒಂದೇ ಆಗಿರಬೇಕು. ಬೆಳಿಗ್ಗೆ ಗಾಳಿಯ ತಾಪಮಾನ 18 ಡಿಗ್ರಿ ಎಂದೂ ಕೂಲೆಂಟ್ ತಾಪಮಾನ 60 ಡಿಗ್ರಿ ಎಂದೂ ತೋರಿಸಿದಲ್ಲಿ, ಎಂಜಿನ್ ಬಿಸಿಯಾಗಿದೆ ಎಂದು ಇ.ಸಿ.ಯು. ತಪ್ಪಾಗಿ ತಿಳಿದು ಅಗತ್ಯವಿರುವ ಹೆಚ್ಚುವರಿ ಪೆಟ್ರೋಲ್ ನೀಡುತ್ತಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಬಿಸಿಯಾದ ನಂತರವೂ ತಣ್ಣಗಿದೆ ಎಂದು ಸಂವೇದಕ ಹೇಳುತ್ತಿದ್ದಲ್ಲಿ ಪೆಟ್ರೋಲ್ ಸದಾ ಹೆಚ್ಚಾಗಿ ಹರಿದು ಮೈಲೇಜ್ ಇಳಿಯುತ್ತದೆ, ಹೊಗೆ ತಪಾಸಣೆಯಲ್ಲಿ ಕಾರು ವಿಫಲವಾಗುತ್ತದೆ. ಸಂವೇದಕವನ್ನು ಬದಲಾಯಿಸುವ ಮೊದಲು ಅದರ ಕನೆಕ್ಟರ್‌ನಲ್ಲಿ ತುಕ್ಕು ಇದೆಯೇ ಎಂದು ನೋಡಬೇಕು. ಡ್ಯಾಶ್‌ಬೋರ್ಡ್ ಮುಳ್ಳಿಗೆ ಸಂಕೇತ ನೀಡುವ ಸಂವೇದಕವು ಹಲವು ಕಾರುಗಳಲ್ಲಿ ಬೇರೆಯೇ ಆಗಿರುತ್ತದೆ. ಆದ್ದರಿಂದ ಮುಳ್ಳು ಸರಿಯಾಗಿದೆ ಎಂದ ಮಾತ್ರಕ್ಕೆ ಇ.ಸಿ.ಯು.ಗೆ ಸರಿಯಾದ ಸಂಕೇತ ಹೋಗುತ್ತಿದೆ ಎಂದು ಭಾವಿಸುವಂತಿಲ್ಲ.

(ಈ) ಥರ್ಮೋಸ್ಟಾಟ್: ಎಂಜಿನ್ ಅತಿಯಾಗಿ ಬಿಸಿಯಾಗುವುದೆಂಬ ಭಯದಿಂದ ಥರ್ಮೋಸ್ಟಾಟ್ ತೆಗೆದುಹಾಕುವ ರೂಢಿ ಕೆಲವೆಡೆ ಇದೆ. ಇದು ಸರಿಯಾದ ಕ್ರಮವಲ್ಲ. ಥರ್ಮೋಸ್ಟಾಟ್ ಇಲ್ಲದ ಅಥವಾ ತೆರೆದೇ ಉಳಿದ ಎಂಜಿನ್ ಬಿಸಿಯಾಗಲು ಬಹಳ ಸಮಯ ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ಇ.ಸಿ.ಯು. ಹೆಚ್ಚುವರಿ ಪೆಟ್ರೋಲ್ ನೀಡುತ್ತಲೇ ಇರುತ್ತದೆ. ಹಳೆಯ ಕಾರನ್ನು ಹೊಸದಾಗಿ ಕೊಂಡವರು ಥರ್ಮೋಸ್ಟಾಟ್ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳಿತು.

(ಉ) ಇಂಜೆಕ್ಟರ್ ಮತ್ತು ಸ್ಪಾರ್ಕ್ ಪ್ಲಗ್: ಪ್ಲಗ್‌ಗಳನ್ನು ಬಿಚ್ಚಿದಾಗ ಎಲ್ಲವೂ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ, ಎಲ್ಲವೂ ಕಪ್ಪಾಗಿ ನೆನೆದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ. ಒಂದೇ ಪ್ಲಗ್ ನೆನೆದಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು ಅಥವಾ ಅದರ ಪ್ಲಗ್ ಕೆಲಸ ಮಾಡುತ್ತಿಲ್ಲ. ಇಂಜೆಕ್ಟರ್‌ಗಳನ್ನು ಬದಲಾಯಿಸುವ ಮೊದಲು ಯಂತ್ರದಲ್ಲಿ ಸ್ವಚ್ಛಗೊಳಿಸಿ, ಸಿಂಪಡಣೆಯ ಆಕಾರ ಮತ್ತು ಸೋರಿಕೆಯನ್ನು ಪರೀಕ್ಷಿಸುವ ಸೌಲಭ್ಯ ಇರುವಲ್ಲಿ ಅದನ್ನು ಬಳಸಿಕೊಳ್ಳಬೇಕು.

ಇ.ಸಿ.ಯು. ಅತ್ಯಂತ ದುಬಾರಿ ಭಾಗಗಳಲ್ಲೊಂದು; ಇತರ ಭಾಗಗಳಿಗೆ ಹೋಲಿಸಿದರೆ ಕೆಡುವುದು ಕಡಿಮೆ. ಮೇಲ್ಕಂಡ ಎಲ್ಲ ಪರೀಕ್ಷೆಗಳೂ ಮುಗಿದ ನಂತರವೇ ಅದರ ಬದಲಾವಣೆಯನ್ನು ಪರಿಗಣಿಸಬೇಕು. ಬದಲಾಯಿಸಿದ ಪ್ರತಿ ಭಾಗಕ್ಕೂ ರಸೀದಿಯನ್ನು ಪಡೆದು, ಹಳೆಯ ಭಾಗವನ್ನು ಹಿಂದಕ್ಕೆ ಕೇಳಿ ಪಡೆಯುವುದು ಸೂಕ್ತ.

8. ವಿಶೇಷ ಸಂದರ್ಭಗಳು

8.1 ಎಲ್.ಪಿ.ಜಿ. ಅಥವಾ ಸಿ.ಎನ್.ಜಿ. ಕಿಟ್ ಅಳವಡಿಸಿದ ಕಾರುಗಳು

ಈ ಕಾರುಗಳು ಸಾಮಾನ್ಯವಾಗಿ ಪೆಟ್ರೋಲ್‌ನಲ್ಲಿ ಚಾಲನೆಗೊಂಡು ನಂತರ ಅನಿಲಕ್ಕೆ ಬದಲಾಗುತ್ತವೆ. ಪೆಟ್ರೋಲ್ ಬಳಕೆ ಕಡಿಮೆಯಾದುದರಿಂದ ಟ್ಯಾಂಕಿನಲ್ಲಿ ಅದು ತಿಂಗಳುಗಟ್ಟಲೆ ಹಳತಾಗುತ್ತದೆ ಮತ್ತು ಇಂಜೆಕ್ಟರ್‌ಗಳಲ್ಲಿ ಅಂಟು ಕಟ್ಟುತ್ತದೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ ಆದುದರಿಂದ ಟ್ಯಾಂಕ್ ಬಹುತೇಕ ಖಾಲಿಯಿದ್ದಲ್ಲಿ ಪಂಪಿನ ಬಾಳಿಕೆ ಕಡಿಮೆಯಾಗುತ್ತದೆ. ವಾರಕ್ಕೆ ಒಂದೆರಡು ಬಾರಿಯಾದರೂ ಸ್ವಲ್ಪ ದೂರ ಪೆಟ್ರೋಲ್‌ನಲ್ಲಿ ಚಲಾಯಿಸುವುದು, ಟ್ಯಾಂಕಿನ ಕಾಲು ಭಾಗಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು ಉತ್ತಮ. ಕಿಟ್ ಅಳವಡಿಕೆಯು ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾಗಿರಬೇಕು ಎಂಬುದನ್ನು ಮಾಲೀಕರು ಮರೆಯಕೂಡದು.

8.2 ಎಥನಾಲ್ ಮಿಶ್ರಿತ ಪೆಟ್ರೋಲ್

ಶೇಕಡ 20ರಷ್ಟು ಎಥನಾಲ್ ಮಿಶ್ರಿತ ಪೆಟ್ರೋಲ್ ಮಾರಾಟವು 2023ರಲ್ಲಿ ಆರಂಭವಾಗಿ 2025ರ ವೇಳೆಗೆ ದೇಶದಾದ್ಯಂತ ವ್ಯಾಪಿಸಿದೆ. ಎಥನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಹೆಚ್ಚು ಶಾಖ ಬೇಕು. ಅಲ್ಲದೆ, ಶುದ್ಧ ಪೆಟ್ರೋಲ್‌ನ ಒಂದು ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕಾದರೆ ಈ ಮಿಶ್ರಣದ ಒಂದು ಕಿಲೋಗೆ ಸುಮಾರು 13.5 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಆಮ್ಲಜನಕ ಸಂವೇದಕವಿರುವ ಕಾರಿನಲ್ಲಿ ಎಂಜಿನ್ ಬಿಸಿಯಾದ ನಂತರ ಇ.ಸಿ.ಯು. ಈ ವ್ಯತ್ಯಾಸವನ್ನು ತಕ್ಕಮಟ್ಟಿಗೆ ಸರಿದೂಗಿಸುತ್ತದೆ. ತಣ್ಣನೆಯ ಚಾಲನೆಯಲ್ಲಿ ಸದರಿ ಸಂವೇದಕವು ಇನ್ನೂ ಕೆಲಸ ಆರಂಭಿಸಿರುವುದಿಲ್ಲ. ಆದುದರಿಂದ ಹಿಂದೆ ಹೇಗೋ ನಡೆಯುತ್ತಿದ್ದ ದುರ್ಬಲ ಪಂಪು, ಅರೆ ಮುಚ್ಚಿದ ಇಂಜೆಕ್ಟರ್ ಅಥವಾ ತಪ್ಪು ಸಂಕೇತ ನೀಡುವ ಸಂವೇದಕದ ದೋಷಗಳು ಈಗ ಬೆಳಿಗ್ಗೆ ಎದ್ದು ಕಾಣಬಹುದು. ಎಥನಾಲ್ ತೇವಾಂಶವನ್ನು ಹೀರಿಕೊಳ್ಳುವುದರಿಂದ ಬಹುಕಾಲ ನಿಲ್ಲಿಸಿದ ಕಾರಿನ ಟ್ಯಾಂಕಿನಲ್ಲಿ ಹಳೆಯ ಇಂಧನ ಉಳಿಸಕೂಡದು. ಹಳೆಯ ರಬ್ಬರ್ ಇಂಧನ ಕೊಳವೆಗಳು ಉಬ್ಬಿವೆಯೇ, ಬಿರಿದಿವೆಯೇ ಎಂದು ಸರ್ವಿಸ್ ಮಾಡಿಸುವಾಗಲೆಲ್ಲಾ ನೋಡಿಸಬೇಕು.

8.3 ಆಮದು ಮಾಡಿದ ಹಳೆಯ ಕಾರುಗಳು

1970 ಮತ್ತು 1980ರ ದಶಕಗಳ ಕೆಲವು ಯುರೋಪಿಯನ್ ಕಾರುಗಳಲ್ಲಿ ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಅಥವಾ ಎಲ್-ಜೆಟ್ರಾನಿಕ್ ವ್ಯವಸ್ಥೆ ಇರುತ್ತದೆ. ಇವುಗಳಲ್ಲಿ ತಣ್ಣನೆಯ ಚಾಲನೆಗೆಂದೇ ಪ್ರತ್ಯೇಕ ಇಂಜೆಕ್ಟರ್ ಒಂದಿದ್ದು, ಉಷ್ಣ-ಸಮಯ ಸ್ವಿಚ್ ಅದನ್ನು ನಿಯಂತ್ರಿಸುತ್ತದೆ. ಎಂಜಿನ್ ಹೆಚ್ಚು ತಣ್ಣಗಿದ್ದಷ್ಟೂ ಈ ಇಂಜೆಕ್ಟರ್ ಹೆಚ್ಚು ಸೆಕೆಂಡು ಸಿಂಪಡಿಸುತ್ತದೆ. ಎಂಜಿನ್ ಬಿಸಿಯಿದ್ದಲ್ಲಿ ಸಿಂಪಡಿಸುವುದೇ ಇಲ್ಲ. ಇಂಜೆಕ್ಟರ್ ಸಿಂಪಡಿಸದಿದ್ದರೆ ಬೆಳಗಿನ ಚಾಲನೆ ಕಷ್ಟ. ನಿರಂತರ ತೊಟ್ಟಿಕ್ಕಿದರೆ ಬಿಸಿ ಎಂಜಿನ್ ಚಾಲನೆ ಕಷ್ಟ ಮತ್ತು ಕಪ್ಪು ಹೊಗೆ. ಇಂತಹ ಕಾರುಗಳ ಪರಿಶೀಲನೆಯನ್ನು ಈ ವ್ಯವಸ್ಥೆಯ ಅನುಭವವುಳ್ಳ ಮೆಕ್ಯಾನಿಕ್‌ಗಳಿಂದಲೇ ಮಾಡಿಸಬೇಕು.

9. ಹೊಗೆ ತಪಾಸಣೆ ಮತ್ತು ನೋಂದಣಿ ನವೀಕರಣ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳ ಅವಧಿಗೆ ಮಾನ್ಯವಾಗಿರುತ್ತದೆ. ನವೀಕರಣಕ್ಕಾಗಿ ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮುಂಚಿತವಲ್ಲದಂತೆ ಅರ್ಜಿ ಸಲ್ಲಿಸಬೇಕು. ವಾಹನವನ್ನು ಪರಿಶೀಲನೆಗೆ ಹಾಜರುಪಡಿಸುವುದು ಹಾಗೂ ಚಾಲ್ತಿಯಲ್ಲಿರುವ ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ ಹೊಂದಿರುವುದು ಅವಶ್ಯಕ. ಈ 60 ದಿನಗಳು ಆರಂಭವಾಗುವ ಮೊದಲೇ ಚಾಲನೆಯ ದೋಷವನ್ನು ಸರಿಪಡಿಸಿಕೊಂಡಲ್ಲಿ ಕೊನೆಯ ಗಳಿಗೆಯ ಅವಸರದ ದುರಸ್ತಿ ಮತ್ತು ಅನಗತ್ಯ ವೆಚ್ಚವನ್ನು ತಪ್ಪಿಸಬಹುದು.

ಐಡಲ್ ಸ್ಥಿತಿಯಲ್ಲಿ ಪೆಟ್ರೋಲ್ ಕಾರುಗಳಿಗೆ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ ನಿಗದಿಪಡಿಸಿದ ಮಿತಿಗಳು:

- ಭಾರತ್ ಸ್ಟೇಜ್ 2ಕ್ಕಿಂತ ಮುಂಚಿನ ಕಾರುಗಳು: ಕಾರ್ಬನ್ ಮಾನಾಕ್ಸೈಡ್ ಶೇಕಡ 3.0; ಹೈಡ್ರೋಕಾರ್ಬನ್ ದಶಲಕ್ಷಕ್ಕೆ 1500 ಭಾಗ
- ಭಾರತ್ ಸ್ಟೇಜ್ 2 ಮತ್ತು 3: ಕಾರ್ಬನ್ ಮಾನಾಕ್ಸೈಡ್ ಶೇಕಡ 0.5, ಹೈಡ್ರೋಕಾರ್ಬನ್ ದಶಲಕ್ಷಕ್ಕೆ 750 ಭಾಗ
- ಭಾರತ್ ಸ್ಟೇಜ್ 4: ಕಾರ್ಬನ್ ಮಾನಾಕ್ಸೈಡ್ ಶೇಕಡ 0.3; ಹೈಡ್ರೋಕಾರ್ಬನ್ ದಶಲಕ್ಷಕ್ಕೆ 200 ಭಾಗ

ತಪಾಸಣಾ ವರದಿಯು ದೋಷ ಪತ್ತೆಗೂ ನೆರವಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿದ್ದರೆ ಗಾಳಿಗೆ ಹೋಲಿಸಿದಲ್ಲಿ ಪೆಟ್ರೋಲ್ ಹೆಚ್ಚಾಗಿದೆ. ಸಂವೇದಕ, ನಿಯಂತ್ರಕ ಅಥವಾ ಇಂಜೆಕ್ಟರನ್ನು ನೋಡಬೇಕು. ಕಾರ್ಬನ್ ಮಾನಾಕ್ಸೈಡ್ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಹೆಚ್ಚಾಗಿದ್ದರೆ ಪೆಟ್ರೋಲ್ ಉರಿಯದೆ ಹೊರಹೋಗುತ್ತಿದೆ. ಕಿಡಿ ಅಥವಾ ಗಾಳಿಯ ಸೋರಿಕೆಯನ್ನು ನೋಡಬೇಕು. ವಿಫಲವಾದ ವರದಿಯನ್ನು ಎಸೆಯದೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 300 ಡಿಗ್ರಿ ಬಿಸಿಯಾದ ನಂತರವೇ ಸರಿಯಾಗಿ ಕೆಲಸ ಮಾಡುತ್ತದೆ. ಆದುದರಿಂದ ತಪಾಸಣೆಗೆ ಮುನ್ನ ಕಾರನ್ನು 15 ನಿಮಿಷಗಳಾದರೂ ಚಲಾಯಿಸಿ, ಎಂಜಿನ್ ತಣ್ಣಗಾಗುವ ಮುನ್ನ ತಪಾಸಣೆ ಮಾಡಿಸಬೇಕು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ರತಿದಿನ ಮೂರು ಬಾರಿ ಕೀ ಆನ್ ಮಾಡಿದರೆ ಕಾರು ಚಾಲನೆಗೊಳ್ಳುತ್ತದೆ. ಹೀಗೆಯೇ ಮುಂದುವರಿಸಬಹುದೇ?
ಉತ್ತರ: ಸೋರಿಕೆಯು ಪಂಪಿನ ಕವಾಟದಲ್ಲಿದ್ದರೆ ತಕ್ಷಣದ ಅಪಾಯವಿಲ್ಲ. ಆದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಹೊರ ಕೊಳವೆಯಲ್ಲಿ ಸೋರಿಕೆಯಿದ್ದರೆ ಬೆಂಕಿಯ ಅಪಾಯವಿದೆ. ಸೋರಿಕೆ ಎಲ್ಲಿದೆ ಎಂದು ತಿಳಿಯದೆ ಮುಂದುವರಿಸುವುದು ಸುರಕ್ಷಿತವಲ್ಲ.

ಪ್ರಶ್ನೆ: ಎಂಜಿನ್ ಎಚ್ಚರಿಕೆ ದೀಪ ಹತ್ತುವುದೇ ಇಲ್ಲ. ದೋಷವಿಲ್ಲವೆಂದು ತಿಳಿಯಬಹುದೇ?
ಉತ್ತರ: ಇಲ್ಲ. ಇಗ್ನಿಷನ್ ಆನ್ ಮಾಡಿದಾಗ ಸಹ ದೀಪ ಹತ್ತದಿದ್ದರೆ ಬಲ್ಬ್ ಕೆಟ್ಟಿರಬಹುದು ಅಥವಾ ಯಾರಾದರೂ ತೆಗೆದಿರಬಹುದು. ಅಲ್ಲದೆ ಹಳೆಯ ವ್ಯವಸ್ಥೆಗಳು ತಂತಿ ಕಡಿತ ಅಥವಾ ಶಾರ್ಟ್ ಸರ್ಕ್ಯೂಟನ್ನು ಮಾತ್ರ ಸುಲಭವಾಗಿ ಗುರುತಿಸುತ್ತವೆ. ಸಂವೇದಕವು ಸ್ವಲ್ಪ ತಪ್ಪು ತಾಪಮಾನ ಹೇಳಿದರೆ ಅದನ್ನು ನಂಬುತ್ತವೆ.

ಪ್ರಶ್ನೆ: ಚಾಲನೆಯ ನಂತರ ಕಾರನ್ನು ನಿಲ್ಲಿಸಿಯೇ ಬಿಸಿ ಮಾಡಬೇಕೇ?
ಉತ್ತರ: ಅಗತ್ಯವಿಲ್ಲ. ಅರ್ಧ ನಿಮಿಷದ ನಂತರ ಹೆಚ್ಚು ವೇಗವಿಲ್ಲದೆ ಚಲಾಯಿಸಿದರೆ ಎಂಜಿನ್ ಬೇಗ ಬಿಸಿಯಾಗುತ್ತದೆ, ಪೆಟ್ರೋಲ್ ಉಳಿಯುತ್ತದೆ.

ಪ್ರಶ್ನೆ: ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾಗಲು ಗ್ಯಾರೇಜಿನಲ್ಲಿ ತಾತ್ಕಾಲಿಕವಾಗಿ ಹೊಂದಾಣಿಕೆ ಮಾಡಿಸಬಹುದೇ?
ಉತ್ತರ: ಎಂ.ಪಿ.ಎಫ್.ಐ. ಕಾರುಗಳಲ್ಲಿ ಮಿಶ್ರಣವನ್ನು ಇ.ಸಿ.ಯು. ನಿಯಂತ್ರಿಸುವುದರಿಂದ ಕಾರ್ಬುರೇಟರ್‌ನಂತೆ ಸ್ಕ್ರೂ ತಿರುಗಿಸಿ ಸರಿಪಡಿಸಲು ಸಾಮಾನ್ಯವಾಗಿ ಬರುವುದಿಲ್ಲ. ಮೂಲ ದೋಷವನ್ನು ಸರಿಪಡಿಸುವುದೊಂದೇ ಮಾರ್ಗ.

11. ಸೂಚನೆ

ಮೇಲ್ಕಂಡ ಅಂಕಿ ಅಂಶಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಪ್ರತಿ ಕಾರಿನ ನಿರ್ದಿಷ್ಟ ಅಳತೆಗಳಿಗೆ ತಯಾರಕರ ಕೈಪಿಡಿಯೇ ಆಧಾರ. ಯಾವುದೇ ನಿರ್ದಿಷ್ಟ ಗ್ಯಾರೇಜ್ ಅಥವಾ ಬಿಡಿಭಾಗವನ್ನು ಇಲ್ಲಿ ಶಿಫಾರಸು ಮಾಡಿರುವುದಿಲ್ಲ. ನವೀಕರಣದ ಶುಲ್ಕ, ಅಗತ್ಯ ದಾಖಲೆಗಳು ಮತ್ತು ವಾಹನ ಪರಿಶೀಲನೆಯ ದಿನಾಂಕದ ಬಗ್ಗೆ ಅರ್ಜಿದಾರರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.